ಮುಳುಗಡೆ ನಗರಿ: ನಮ್ಮ ಜಿಲ್ಲೆಯ ಫ್ಯಾಂಟಸಿ ಊರು

(ಭಾಗ 1)

ಫ್ಯಾಂಟಸಿ ಸಿಟಿ ಅಂದ ಕೂಡಲೇ ನಮ್ಮ ಕ್ಲಾಸಿನ ಅರ್ಧ ಮಂದಿಗೆ ನೆನಪಾಗೋದು ಆರ್ಕೇನ್ ಸೀರೀಸಿನ ಪಿಲ್ಟೋವರ್ ಮತ್ತು ಝಾನ್. ಒಂದು ಕಡೆ ಬಂಗಾರದಂಥ ಊರು, ಇನ್ನೊಂದು ಕಡೆ ಹೊಗಿ ತುಂಬಿದ ಊರು, ನಡುವ ನದಿ, ನದಿ ಮ್ಯಾಲ ಒಂದು ಸೇತುವೆ. ಅಂಥ ಊರಿನ ಗಾಳಿ ಎಂಥಾದ್ದು, ನೀರು ಎಲ್ಲಿಂದ ಬರ್ತೈತಿ, ಮ್ಯಾಲಿನವರಿಗೆ ಏನು ಸಿಗತೈತಿ, ಕೆಳಗಿನವರಿಗೆ ಯಾಕ ಸಿಗಂಗಿಲ್ಲ ಅಂತ ಕ್ಯಾಂಟೀನದಾಗ ತಾಸುಗಟ್ಟಲೆ ವಾದ ಮಾಡ್ತೀವಿ. ಭಾರೀ ಚೆಂದ ವಾದ. ಅದರಾಗ ನಾನೂ ಇರ್ತೀನಿ.

ಆದ್ರ ಜಮಖಂಡಿಯಿಂದ ಬಸ್ ಹತ್ತಿ ಹೋಗಿ ಮುಟ್ಟಬಹುದಾದ ದೂರದಾಗ ಅಂಥಾದ ಒಂದು ಊರು ಐತಿ. ಅದರ ಅಡ್ಡಹೆಸರೂ ಕಾದಂಬರಿಯಾಗಿನ ಹೆಸರಿನಂಗ ಐತಿ: ಮುಳುಗಡೆ ನಗರಿ. ಬಾಗಲಕೋಟೆ. ಅರ್ಧ ಊರು ನೀರಿನ ದಂಡಿಗೆ, ಇನ್ನರ್ಧ ಊರು ಕಾಗದದ ಮ್ಯಾಲ ಮೊದಲು ಹುಟ್ಟಿ ಆಮ್ಯಾಲ ನೆಲದ ಮ್ಯಾಲ ಬಂದದ್ದು. ನಮ್ಮ ಬೀಳಗಿ, ಜಮಖಂಡಿ, ಮುಧೋಳ ಕಡೆ ಹಳ್ಳಿಗಳದ್ದೂ ಅದಽ ಕಥೆ, ಅವುಕ್ಕ ಅಡ್ಡಹೆಸರು ಇಟ್ಟವರಿಲ್ಲ ಅಷ್ಟಽ.

ಈ ಸರಣಿ ಉದ್ದ ಐತಿ. ಫೋಟೋ ಅಷ್ಟಽ ನೋಡಿ ಹೋಗೋರು ಹೋಗ್ರಿ, ಸಿಟ್ಟಿಲ್ಲ. ಆದ್ರ ನದಿ ದಂಡಿ ಊರಿನವರು, ಅಜ್ಜನ ಮನಿ ನದಿ ದಂಡಿಗೆ ಇರೋರು, ಓದ್ರಿ. ಇದು ನಿಮ್ಮ ಮನಿ ಮಾತು.

(ಭಾಗ 2)

ಮೊದಲು ಲೆಕ್ಕ. ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ, ಲಾಲ್ ಬಹಾದ್ದೂರ್ ಶಾಸ್ತ್ರಿ ಅವರ ಕೈಯಿಂದ. ಅದಕ್ಕಽ ಆಲಮಟ್ಟಿ ಜಲಾಶಯಕ್ಕ ಅವರ ಹೆಸರು. ಅಣೆಕಟ್ಟನ್ನ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ನಾಡಿಗೆ ಅರ್ಪಿಸಿದ್ದು 2006ರ ಆಗಸ್ಟ್‌ದಾಗ. ಅಂದ್ರ ಅಡಿಗಲ್ಲಿನಿಂದ ಅಲ್ಲಿತನಕ 42 ವರ್ಷ. ಇನ್ನೊಂದು ರೀತಿ ಹೇಳಬೇಕಂದ್ರ, ಆ ಅಣೆಕಟ್ಟು ಮತ್ತು ನಾವು ಹೆಚ್ಚುಕಮ್ಮಿ ಒಂದಽ ವಯಸ್ಸಿನವರು. ನಮಗ ಅದಿಲ್ಲದ ಜಿಲ್ಲೆ ಗೊತ್ತಽ ಇಲ್ಲ.

ಈಗ ನೀರು ನಿಲ್ಲಿಸೋ ಮಟ್ಟ ಸಮುದ್ರಮಟ್ಟದಿಂದ 519.6 ಮೀಟರ್. ಆ ಮಟ್ಟಕ್ಕ ಜಲಾಶಯದಾಗ ಸುಮಾರು 123 ಟಿಎಂಸಿ ನೀರು ನಿಲ್ತೈತಿ. ಈ ಹಿನ್ನೀರು ಬರೋದು ಗೊತ್ತಿದ್ದದ್ದಕ್ಕ ಸರಕಾರ ಬಾಗಲಕೋಟೆಗೆ ಅಂತಽ ಬೇರೆ ಒಂದು ಕಾಯ್ದೆ ಮಾಡಿ, ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಹುಟ್ಟು ಹಾಕಿತು. ನಾವು ಬಿಟಿಡಿಎ ಅಂತೀವಲ್ಲ, ಅದು. ಹೊಸ ಊರಿನ ನಕಾಶೆ ಮಾಡೋಕೆ ಕರೆದದ್ದು ಚಾರ್ಲ್ಸ್ ಕೊರಿಯಾ ಅವರನ್ನ.

ಈ ಹೆಸರು ಗೊತ್ತಿಲ್ಲಂದ್ರ ಸಣ್ಣ ಪರಿಚಯ: 1930ರಲ್ಲಿ ಸಿಕಂದರಾಬಾದದಾಗ ಹುಟ್ಟಿದವರು, 2015ರಲ್ಲಿ ತೀರಿಕೊಂಡರು. ಅಹಮದಾಬಾದಿನ ಸಾಬರಮತಿ ಆಶ್ರಮದಾಗಿನ ಗಾಂಧಿ ಸಂಗ್ರಹಾಲಯ, ಜೈಪುರದ ಜವಾಹರ್ ಕಲಾ ಕೇಂದ್ರ, ಭೋಪಾಲದ ಭಾರತ ಭವನ ಅವರವು. ನವಿ ಮುಂಬೈ ಯೋಜನೆಯ ಮುಖ್ಯ ವಾಸ್ತುಶಿಲ್ಪಿನೂ ಅವರಽ. ಅಂಥವರು ನಮ್ಮ ಬಾಗಲಕೋಟೆಗೆ ಊರು ಬರೆದುಕೊಟ್ಟರು. ಜಗತ್ತಿನ ಆರ್ಕಿಟೆಕ್ಟ್ ಮಂದಿ ಓದೋ ಪುಸ್ತಕದಾಗ ನವನಗರದ ಹೆಸರು ಬರ್ತೈತಿ. ನಮ್ಮ ಜಿಲ್ಲೆ ಹುಡುಗರಿಗೆ ಇದನ್ನ ಯಾರೂ ಹೇಳಿಕೊಡಲಿಲ್ಲ. ಪಟ್ಟದಕಲ್ಲು, ಬಾದಾಮಿ ಅಂತ ಹೇಳಿ ಮುಗಿಸಿಬಿಡ್ತಾರ, ಬಾಗಲಕೋಟೆಯಾಗ ಚಾಲುಕ್ಯರ ನಂತರ ಯಾರೂ ಏನೂ ಕಟ್ಟಲಽ ಇಲ್ಲ ಅನ್ನೋ ಹಂಗ.

(ಭಾಗ 3)

ಈ ಎರಡು ಫೋಟೋ ಬಾಜೂಕ ಬಾಜೂಕ ಇಟ್ಟು ನೋಡ್ರಿ. ಒಂದು ನವನಗರದ ಸೆಕ್ಟರ್ ರಸ್ತೆ. ಇನ್ನೊಂದು ಹಳೆ ಊರಿನ ಓಣಿ.

ನವನಗರದಾಗ ವಿಳಾಸ ಅಂದ್ರ ಸೆಕ್ಟರ್ ನಂಬರು, ಪ್ಲಾಟ್ ನಂಬರು. ಹಳೆ ಊರಾಗ ವಿಳಾಸ ಅಂದ್ರ ಕಿಲ್ಲಾ, ಹೊಸಪೇಟೆ, ಹಳಪೇಟೆ, ಜೈನಪೇಟೆ, ವೆಂಕಟಪೇಟೆ. ಬಾಗಲಕೋಟೆ ಹೋಳಿ ನೋಡಿದವರಿಗೆ ಗೊತ್ತು, ಬಣ್ಣದಾಟದ ಸರದಿ, ಹಲಗಿ ಮೇಳ ಎಲ್ಲಾ ಓಣಿ ಹೆಸರಿನ ಮ್ಯಾಲ. ಸೆಕ್ಟರ್ ನಂಬರಿನ ಹೆಸರು ಹೇಳಿ ಹಲಗಿ ಬಡಿದವರನ್ನ ನಾನಂತೂ ನೋಡಿಲ್ಲ.

ಆದ್ರ ಇದನ್ನ ಹೇಳಿ "ಹಳೇದೆಲ್ಲಾ ಬಂಗಾರ" ಅನ್ನೋ ಸಾಲಿಗೆ ನಾನು ಸೇರಂಗಿಲ್ಲ. ನವನಗರದಾಗ ರಸ್ತೆ ಅಗಲ ಅದಾವ, ಗಟಾರ ಅದಾವ, ಆಂಬುಲೆನ್ಸ್ ಮನಿ ಬಾಗಿಲಿಗೆ ಬರ್ತೈತಿ. ಹಳೆ ಓಣಿಗೆ ಬರಂಗಿಲ್ಲ. ಬೇವಿನ ಗಿಡ ದೊಡ್ಡವಾಗ್ಯಾವ. ಪ್ಲಾಟಿನ ಮ್ಯಾಲ ಜಾತಿ ಓಣಿ ಬರೆದಿಲ್ಲ, ಇದು ಸಣ್ಣ ಮಾತಲ್ಲ. ಹಳೆ ಊರು ಅಂದ್ರ ಎಲ್ಲರಿಗೂ ಕಟ್ಟೆ, ಪಡಸಾಲೆ ಇರಲಿಲ್ಲ ಮಾರಾಯ್ರ, ಕೆಲವರಿಗೆ ಊರ ಹೊರಗಿನ ದಿಕ್ಕಷ್ಟಽ ಇತ್ತು. "ನಮ್ಮ ಹಳೆ ಊರು ಎಷ್ಟು ಚೆಂದ ಇತ್ತು" ಅಂತ ರೀಲ್ಸ್ ಹಾಕೋರು ಇದನ್ನ ಒಂದು ಸಲ ವಿಚಾರ ಮಾಡಬೇಕು.

ನನ್ನ ತಕರಾರು ಬ್ಯಾರೆ. ಪಟ್ಟಣಕ್ಕ ಆರ್ಕಿಟೆಕ್ಟ್ ಬಂದರು. ಹಳ್ಳಿಗಳಿಗೆ ಯಾರು ಬಂದರು? ಸರ್ವೇದವರು ಬಂದರು. ಅಳತೆ ಟೇಪ್ ಹಿಡಿದು ಚೌಕ ಹೊಡೆದರು. ಪುನರ್ವಸತಿ ಕೇಂದ್ರ, ನಮ್ಮ ಬಾಯಾಗ ಆರ್‌ಸಿ. ನೀವು ಬೀಳಗಿ ತಾಲೂಕಿನ ಒಂದು ಆರ್‌ಸಿ ನೋಡಿದ್ರ ಬಾಕಿದ್ದುವನ್ನೂ ನೋಡಿದಂಗಽ. ನೆಟ್ಟಗೆ ರಸ್ತೆ, ನೆಟ್ಟಗೆ ಸಾಲು, ಒಂದು ಶಾಲೆ, ಒಂದು ಸಮುದಾಯ ಭವನ, ಒಂದು ನೀರಿನ ಟಾಕಿ. ಬಿಸಿಲು ಮಾತ್ರ ಎಲ್ಲಾರಿಗೂ ಸಮಪಾಲು.

ಒಕ್ಕಲುತನದ ಮನಿ ಹೆಂಗಿರ್ತಿತ್ತು ಅಂತ ನಮ್ಮ ಅಮ್ಮ (ತಾಯಿಯ ತಾಯಿ) ಈಗಲೂ ಕೈ ಮಾಡಿ ತೋರಸ್ತಾಳ. ಅವರ ಊರು ಬೀಳಗಿ ತಾಲೂಕಿನದು, ಈಗ ಹಿನ್ನೀರಿನ ಒಳಗ. ಬಾಗಿಲು ದಾಟಿದ ಕೂಡಲೇ ದನ ಕಟ್ಟೋ ಜಾಗ, ಎರಡು ಮೆಟ್ಟಿಲು ಏರಿದ್ರ ಪಡಸಾಲಿ, ಅದರ ಹಿಂದ ಅಡಗಿ ಮನಿ, ಮ್ಯಾಲ ಬೆಳಕಿಂಡಿ. ನೆಲದಾಗ ಜ್ವಾಳ ಹಾಕೋ ಹಗೇವು. ಹೊರಗ ಕಟ್ಟಿ. ಅಂದ್ರ ಆ ಮನಿ ಬರೇ ಮಲಗೋ ಜಾಗ ಅಲ್ಲ. ಗೋದಾಮು, ಕೊಟ್ಟಿಗಿ, ಕಚೇರಿ ಎಲ್ಲಾ. ಪ್ಲಾಟಿನಾಗ ಎಮ್ಮಿ ಎಲ್ಲಿ ಕಟ್ಟಬೇಕು ಅನ್ನೋದಕ್ಕ ನಕಾಶೆದಾಗ ಜಾಗಾನಽ ಇರಲಿಲ್ಲ. ಅದಕ್ಕಽ ಆರ್‌ಸಿಗಳಾಗ ಎಮ್ಮಿ ರಸ್ತೆ ಮ್ಯಾಲ ಕಟ್ತಾರ, ಅಗಲ ಅಂತ ಹೊಗಳಿದ ರಸ್ತೆ ಅರ್ಧ ಕೊಟ್ಟಿಗಿ ಆಗೈತಿ. ನೋಡಿದವರು "ಈ ಮಂದಿಗೆ ಶಿಸ್ತಿಲ್ಲ" ಅಂತಾರ. ಶಿಸ್ತು ಇಲ್ಲದ್ದು ನಕಾಶೆಗೆ.

ರಬಕವಿ-ಬನಹಟ್ಟಿ ದೋಸ್ತರಿಗೆ ಇದು ಇನ್ನೂ ಛಲೋ ತಿಳೀತೈತಿ. ನೇಕಾರರ ಮನಿಯಾಗ ಮಗ್ಗದ ಕುಣಿ ಇದ್ದರ ಅದು ಮನಿ ಅಲ್ಲ, ಫ್ಯಾಕ್ಟರಿ. ಆ ಮನಿ ಅಳೆಯೋರು ಚದರಡಿ ಬರ್ಕೊಂಡು ಹೋಗ್ತಾರ. ಕುಣಿ ಯಾವ ಕಾಲಂನಾಗ ಬರೀತಾರ?

(ಭಾಗ 4)

ಬಿಸಿಲಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ.

ಹಳೆ ಮಾಳಿಗಿ ಮನಿ ಯಾಕ ತಂಪು? ಮಾಯಾ ಏನಿಲ್ಲ. ಮಣ್ಣಿನ ಗ್ವಾಡಿ ದಪ್ಪ, ಮಾಳಿಗಿ ಮಣ್ಣು ದಪ್ಪ. ಮಧ್ಯಾಹ್ನದ ಬಿಸಿ ಒಳಗ ಮುಟ್ಟೋದರಾಗ ಸಂಜಿ ಆಗಿರ್ತೈತಿ, ಆಗ ಹೊರಗ ಗಾಳಿ ಬೀಸ್ತಿರ್ತೈತಿ, ಎಲ್ಲಾರೂ ಮಾಳಿಗಿ ಮ್ಯಾಲ ಇಲ್ಲಾ ಕಟ್ಟಿ ಮ್ಯಾಲ. ಓಣಿ ಸಣ್ಣದಿದ್ದರ ಈ ಮನಿ ನೆರಳು ಆ ಮನಿ ಮ್ಯಾಲ ಬೀಳ್ತೈತಿ. ತೆಳು ಸ್ಲ್ಯಾಬು ಹಂಗಲ್ಲ. ಹಗಲೆಲ್ಲಾ ಬಿಸಿ ಕುಡಿದು ರಾತ್ರಿ ನಮ್ಮ ತಲಿ ಮ್ಯಾಲ ಬಿಡ್ತೈತಿ. ಪತ್ರಾಸಿನ ಮನಿದಂತೂ ಕೇಳಬ್ಯಾಡ್ರಿ, ಮಧ್ಯಾಹ್ನ ಹನ್ನೊಂದಕ್ಕಽ ಹಂಚಿನ ಮ್ಯಾಲ ಕುಂತಂಗ. ಏಪ್ರಿಲ್-ಮೇದಾಗ 40 ಡಿಗ್ರಿ ದಾಟೋ ಜಿಲ್ಲೆ ಇದು.

ತಮಾಷೆ ಏನಂದ್ರ, ಇದನ್ನ ಜಗತ್ತಿಗೆ ಸಾರಿ ಹೇಳಿದವರಽ ಕೊರಿಯಾ. ಕಟ್ಟಡದ ಆಕಾರ ಹವಾಮಾನದ ಮಾತು ಕೇಳಬೇಕು ಅನ್ನೋದು ಅವರ ಜೀವನದ ವಾದ. ಅಹಮದಾಬಾದದಾಗ 1960ರ ದಶಕದ ಶುರುವಿಗೆ ಅವರು ಮಾಡಿದ ಟ್ಯೂಬ್ ಹೌಸ್ ಅನ್ನೋ ಸಣ್ಣ ಮನಿಯಾಗ ಬಿಸಿ ಗಾಳಿ ತಾನಾಗಿ ಮ್ಯಾಲೆ ಏರಿ ಹೊರಗ ಹೋಗೋ ವ್ಯವಸ್ಥಾ ಇತ್ತು, ಏಸಿ ಇಲ್ಲ ಏನಿಲ್ಲ. ನಮ್ಮ ಬೆಳಕಿಂಡಿ ಮಾಡೋ ಕೆಲಸಾನೂ ಅದಽ. ಅಂಥ ಮನುಷ್ಯ ನಮ್ಮ ಜಿಲ್ಲೆಗೆ ಬಂದು ಹೋದಮ್ಯಾಲೂ ನಮ್ಮ ಆರ್‌ಸಿಗಳಾಗ ಪತ್ರಾಸು.

2009ರ ಅಕ್ಟೋಬರ್ ಮಹಾಪೂರ ಆದಮ್ಯಾಲ ಆಸರೆ ಅಂತ ಮನಿ ಕಟ್ಟಿದ್ರು, ಉತ್ತರ ಕರ್ನಾಟಕದ ತುಂಬ. ಒಂದಽ ಅಚ್ಚಿನ ಮನಿಗಳು. ಎಷ್ಟೋ ಕಡೆ ಮಂದಿ ಹೋಗಿ ಇರಲಽ ಇಲ್ಲ, ಜಾಲಿ ಬೆಳೆದು ನಿಂತಾವ. ಪುಕ್ಕಟೆ ಕೊಟ್ಟ ಮನಿ ಬ್ಯಾಡ ಅಂತ ಮಂದಿ ನೀರು ಬರೋ ಊರಾಗಽ ಉಳೀತಾರ ಅಂದ್ರ, ಮಂದಿಗೆ ಹುಚ್ಚು ಅಂತ ತಿಳೀಬೇಕೋ, ಮನಿದಾಗ ಏನೋ ಕೊರತೆ ಐತಿ ಅಂತ ತಿಳೀಬೇಕೋ?

(ಭಾಗ 5)

ಬಸ್ಸು.

ಆರ್‌ಸಿಯಿಂದ ಕಾಲೇಜಿಗೆ ಬರೋ ಗೆಳತಿಯರನ್ನ ಕೇಳ್ರಿ, ಬಿಕಾಂದಾಗ ಕಷ್ಟದ ಸಬ್ಜೆಕ್ಟ್ ಯಾವುದು ಅಂತ. ಕಾಸ್ಟ್ ಅಕೌಂಟಿಂಗ್ ಅನ್ನಂಗಿಲ್ಲ, ಮುಂಜಾನೆ ಬಸ್ಸು ಅಂತಾರ. ಹಳೆ ಊರು ಹೆದ್ದಾರಿ ಮ್ಯಾಲೋ, ಸಂತಿ ಊರಿನ ಹಾದಿ ಮ್ಯಾಲೋ ಇತ್ತು, ನಾಕು ಊರಿಗೆ ಹೋಗೋ ಬಸ್ಸು ನಿಂತು ಹೋಗ್ತಿದ್ವು. ಹೊಸ ಊರು ಗುಡ್ಡದ ಮಗ್ಗಲಿಗೆ, ಹಾದಿಯ ಕೊನಿಗೆ. ಅಲ್ಲಿಗೆ ಅಂತಽ ಬಸ್ಸು ಬರಬೇಕು, ಹೋಗಿ ಅಲ್ಲಿಂದ ತಿರುಗಬೇಕು. ಒಂದು ದಿನ ಬರ್ತೈತಿ, ಒಂದು ದಿನ ಬರಂಗಿಲ್ಲ. 2023ರ ಜೂನ್‌ದಾಗ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಟಿಕೆಟ್ ಶೂನ್ಯ. ಒಳ್ಳೇದಽ ಆತು, ನಾನು ಅದರ ಪರವಾಗಿ ಯಾರ ಜೋಡಿ ಬೇಕಾದ್ರೂ ವಾದ ಮಾಡ್ತೀನಿ. ಆದ್ರ ಬರದ ಬಸ್ಸಿಗೆ ಟಿಕೆಟ್ ಶೂನ್ಯ ಆದ್ರೂ ಒಂದಽ, ನೂರು ಆದ್ರೂ ಒಂದಽ. ನನ್ನ ಜೊತಿ ಪಿಯುಸಿ ಓದಿದ ಒಬ್ಬಾಕಿ ಡಿಗ್ರಿ ಬಿಟ್ಟಳು. ಮಾರ್ಕ್ಸ್ ನನಗಿಂತ ಜಾಸ್ತಿ ಇದ್ವು. ಮನಿಯವರು ಹೇಳಿದ ಕಾರಣ ಒಂದಽ: ಕತ್ತಲಾದ ಮ್ಯಾಲ ಬಸ್ಸಿಳಿದು ಎರಡು ಕಿಲೋಮೀಟರ್ ನಡೀಬೇಕು, ದಾರಿಯಾಗ ದೀಪಿಲ್ಲ.

ಊರು ಮುಳುಗಿದ್ದು ಆಕಿ ಹುಟ್ಟೋ ಮೊದಲು. ಪರಿಹಾರದ ಪಟ್ಟಿಯಾಗ ಆಕಿ ಹೆಸರು ಇರಾಕ ಸಾಧ್ಯಾನಽ ಇಲ್ಲ. ಆದ್ರ ಲುಕ್ಸಾನು ಆಕಿ ಖಾತೆಗೆ ಬಿತ್ತು.

ಸಾರ್ವಜನಿಕ ಸೇವೆ ಅಂದ್ರ ಕಟ್ಟಡ ಅಂತ ತಿಳ್ಕೊಂಡಾರ ನಮ್ಮವರು. ಆಸ್ಪತ್ರೆ ಕಟ್ಟಡ ಐತಿ, ನರ್ಸ್ ವಾರಕ್ಕೊಮ್ಮೆ. ಲೈಬ್ರರಿ ಬೋರ್ಡ್ ಐತಿ, ಕೀಲಿ ಯಾರ ಹತ್ತಿರ ಐತಿ ಗೊತ್ತಿಲ್ಲ. ನೀರಿನ ಟಾಕಿ ಐತಿ, ಮಂದಿ ತ್ಯಾಗ ಮಾಡಿದ್ದಽ ನೀರಿಗೆ, ಬೇಸಗಿಯಾಗ ಅವರಽ ಕೊಡ ಹಿಡಕೊಂಡು ಟ್ಯಾಂಕರ್ ಕಾಯ್ತಾರ. ಇದನ್ನ ಯಾವ ಫ್ಯಾಂಟಸಿ ಲೇಖಕ ಬರೆದ್ರೂ "ಅತಿ ಆತು, ನಂಬಾಕ ಆಗಂಗಿಲ್ಲ" ಅಂತಿದ್ರಿ.

ರೈಲಿನ ಮಾತು ಬ್ಯಾರೆ. ಬಾಗಲಕೋಟೆ–ಕುಡಚಿ ಮಾರ್ಗ 2010ರಿಂದ ಕೇಳ್ತಾ ಬಂದೀವಿ, 142 ಕಿಲೋಮೀಟರ್. ಜಮಖಂಡಿ ಮಂದಿ ಇನ್ನೂ ರೈಲಿನ ಶಿಳ್ಳಿ ಕೇಳಾಕ ಬ್ಯಾರೆ ಊರಿಗೇ ಹೋಗಬೇಕು.

(ಭಾಗ 6)

ಈಗ ಮುಖ್ಯ ಮಾತು. ಅಕೌಂಟ್ಸ್ ಓದಿದವರಿಗೆ ಗೋಯಿಂಗ್ ಕನ್ಸರ್ನ್ ಅನ್ನೋ ಮಾತು ಗೊತ್ತು. ಫಸ್ಟ್ ಸೆಮ್‌ದಾಗ ಬಾಯಿಪಾಠ ಮಾಡಿ ಬರೆದು ಬಂದೀವಿ. ಒಂದು ಧಂದೆ ನಾಳೆನೂ ಇರ್ತೈತಿ, ನಾಡಿದ್ದೂ ಇರ್ತೈತಿ ಅಂತ ತಿಳ್ಕೊಂಡಽ ನಾವು ಅದರ ಲೆಕ್ಕ ಬರೀತೀವಿ. ಮುಚ್ಚತೈತಿ ಅಂತ ಗೊತ್ತಾದ್ರ ಅದಽ ಮಷಿನ್ನು, ಅದಽ ಕುರ್ಚಿ, ಗುಜರಿ ರೇಟಿಗೆ ಬರ್ತಾವ. ವಸ್ತು ಬದಲಾಗಿಲ್ಲ, ನಾಳೆ ಹೋತು ಅಷ್ಟಽ.

524 ಅನ್ನೋ ನಂಬರ್ ನಮ್ಮ ಕಡೆ ಊರುಗಳಿಗೆ ಮಾಡಿದ್ದು ಇದನ್ನಽ.

ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನೇತೃತ್ವದ ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರ್‌ದಾಗ ತೀರ್ಪು ಕೊಟ್ಟಿತು. ಆಲಮಟ್ಟಿಯಾಗ 524.256 ಮೀಟರ್ ತನಕ ನೀರು ನಿಲ್ಲಿಸಬಹುದು ಅಂತ. 2013ರ ನವೆಂಬರ್‌ದಾಗ ಮುಂದಿನ ವರದಿನೂ ಬಂತು. ಈ ನಡುವ 2011ರಲ್ಲಿ ಸುಪ್ರೀಂ ಕೋರ್ಟ್ ತಡೆ, ಆಮ್ಯಾಲ ಆಂಧ್ರ ಒಡೆದು ತೆಲಂಗಾಣ ಆತು, ಅವರ ತಕರಾರು, ಮಹಾರಾಷ್ಟ್ರದ ತಕರಾರು. ಕೇಂದ್ರದ ಗೆಜೆಟ್ ಅಧಿಸೂಚನೆ, ನಾನು ಇದನ್ನ ಬರೆಯೋ ಹೊತ್ತಿಗೂ, ಬಂದಿಲ್ಲ. ಬಂದ್ರ ಇಪ್ಪತ್ತು ಹಳ್ಳಿ, ಬಾಗಲಕೋಟೆಯ ಉಳಿದ ಹಳೆ ಊರಿನ ಕೆಲವು ವಾರ್ಡು, 75 ಸಾವಿರ ಎಕರೆಗಿಂತ ಜಾಸ್ತಿ ಭೂಮಿ ನೀರಿನೊಳಗ.

519.6 ಮತ್ತು 524.256ರ ನಡುವ ಇರೋದು ನಾಕೂವರಿ ಮೀಟರ್ ಚಿಲ್ಲರೆ. ಒಂದೂವರಿ ಅಂತಸ್ತಿನಷ್ಟು ಎತ್ತರ. ಆ ಎತ್ತರದೊಳಗ ಇರೋ ಊರಿಗೆ ಹೋಗಿ ನೋಡ್ರಿ. ಹೊಸ ಮನಿ ಕಟ್ಟಂಗಿಲ್ಲ, ಹೆಂಗೂ ಹೋಗೋದು ಅಂತ. ಇದ್ದ ಮನಿ ರಿಪೇರಿ ಇಲ್ಲ, ಹೆಂಗೂ ಹೋಗೋದು. ಶಾಲೆ ಸೋರತೈತಿ ಅಂದ್ರ ಸಾಹೇಬರು "ಮುಳುಗಡೆ ಊರು, ಅನುದಾನ ಬರಂಗಿಲ್ಲ" ಅಂತಾರ. ಮಗಳನ್ನ ಕೊಡೋರು "ಯಾವ ಊರು? ಮುಳುಗಡೆದೋ?" ಅಂತ ಕೇಳಿ ಹಿಂದ ಸರೀತಾರ. ಅದಕ್ಕ ಉಲ್ಟಾ, ಪರಿಹಾರ ಬರ್ತೈತಿ ಅಂತ ಗೊತ್ತಾಗಿ ಮುಂದ ಬರೋರೂ ಅದಾರ, ಅದು ಇನ್ನೊಂದು ಕಥಿ. ನೀರು ಇನ್ನೂ ಬಂದಿಲ್ಲ. ಊರು ಆಗಲೇ ಅರ್ಧ ಮುಳುಗೈತಿ, ಕಾಗದದಾಗ.

ಇದನ್ನ ಹೇಳೋವಾಗ ನಮ್ಮ ಯೂನಿವರ್ಸಿಟಿನೂ ನೆನಪಾಗತೈತಿ. ಜಮಖಂಡಿಗೆ ಬಾಗಲಕೋಟೆ ವಿಶ್ವವಿದ್ಯಾಲಯ 2023ರಲ್ಲಿ ಬಂತು, 2025ರಲ್ಲಿ ಮುಚ್ಚೋ ಪಟ್ಟಿಯಾಗ ಹೆಸರು ಬಂತು. ಸರ್ಟಿಫಿಕೇಟಿನ ಮ್ಯಾಲ ಯಾವ ಹೆಸರು ಬರ್ತೈತಿ ಅಂತ ನಾವು ಜೋಕ್ ಮಾಡಿ ನಕ್ಕೀವಿ. ಆ ನಗುವನ್ನ ಹದಿನೈದು ವರ್ಷಕ್ಕ ಎಳೆದು, ಅದರಾಗ ಮನಿ, ಹೊಲ, ಗುಡಿ, ಹಿರೇರ ಗದ್ದಿಗಿ ಎಲ್ಲಾ ಸೇರಿಸಿ ನೋಡ್ರಿ.

(ಭಾಗ 7)

ರೊಕ್ಕದ ಮಾತು. 2025ರ ಸೆಪ್ಟೆಂಬರ್ 16ಕ್ಕ ರಾಜ್ಯ ಸಂಪುಟ ತೀರ್ಮಾನ ಮಾಡಿತು: ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಭೂಮಿಗೆ 30 ಲಕ್ಷ. ಪಟಾಕ್ಷಿ ಹೊಡೆದ್ರು ನಮ್ಮ ಕಡೆ. ಹೊಡೀಲಿ, ಇಷ್ಟು ವರ್ಷ ಕಾದವರು.

ಆದ್ರ ಬಿಕಾಂ ಹುಡುಗರಾಗಿ ನಾವು ಮೂರು ಪ್ರಶ್ನೆ ಕೇಳಲೇಬೇಕು.

ಯಾವಾಗ? ಮೂರನೇ ಹಂತದ ಖರ್ಚು 2012ರಲ್ಲಿ ಸುಮಾರು 17 ಸಾವಿರ ಕೋಟಿ ಅಂದ್ರು, 2017ರಲ್ಲಿ 51 ಸಾವಿರ ಕೋಟಿ, ಈಗ 70 ಸಾವಿರ ಕೋಟಿ ಮ್ಯಾಲಿನ ಮಾತು. ತಡ ಮಾಡಿದ್ದಕ್ಕ ಸರಕಾರ ಕೊಡೋ ಬಡ್ಡಿ ಇದು. ರೈತರ ಕಡೆಯಿಂದನೂ ಅದಽ ಗಣಿತ: 72ರ ಸೂತ್ರ ನೆನಪೈತಲ್ಲ, ಬೆಲೆ ವರ್ಷಕ್ಕ ಶೇ 6 ಏರಿದ್ರ 12 ವರ್ಷಕ್ಕ ರೊಕ್ಕದ ಕಿಮ್ಮತ್ತು ಅರ್ಧ. ಇವತ್ತಿನ 40 ಲಕ್ಷ ಕಂತಿನ ಮ್ಯಾಲ ಕಂತು ಎಳೆದು ಕೈಗೆ ಬಂದ್ರ ಅದು 40 ಆಗಿ ಉಳಿಯಂಗಿಲ್ಲ.

ಯಾರಿಗೆ? ಎಕರೆ ಇದ್ದವರಿಗೆ. ಎಕರೆ ಇಲ್ಲದವರಿಗೆ? ಕಬ್ಬು ಕಡಿಯೋರು, ಕೋರಿಗೆ ಮಾಡೋರು, ಊರಾಗ ಚಹಾದಂಗಡಿ ಇಟ್ಟೋರು, ಬಡಿಗ್ಯಾರು, ಕಂಬಾರರು. ಹೊಲ ಮುಳುಗಿದ್ರ ಹೊಲದವನಿಗೆ ಚೆಕ್ಕು, ಕೂಲಿಯವನಿಗೆ ಬರೇ ನೀರು. 2013ರ ಭೂಸ್ವಾಧೀನ ಕಾಯ್ದೆಯಾಗ ಬಾಧಿತ ಕುಟುಂಬ ಅನ್ನೋದರ ಅರ್ಥದಾಗ ಭೂಮಿ ಇಲ್ಲದ ಕೂಲಿಕಾರರು, ಗೇಣಿದಾರರು, ಕುಶಲಕರ್ಮಿಗಳೂ ಬರ್ತಾರ, ಸ್ವಾಧೀನಕ್ಕ ಮೊದಲು ಮೂರು ವರ್ಷದಿಂದ ಅದರ ಮ್ಯಾಲೇ ಜೀವನ ಮಾಡ್ತಿದ್ರ. ಇದು ಕೇಳಿ ಬೇಡೋದಲ್ಲ, ಕಾಯ್ದೆದಾಗ ಬರೆದದ್ದು. ನಿಮ್ಮ ಊರಾಗ ಕೂಲಿ ಮಾಡೋ ಮಂದಿಗೆ ಇದು ಗೊತ್ತೈತೇನು ಕೇಳ್ರಿ. ನಾನು ಕೇಳಿದ ಹತ್ತು ಮಂದಿಯಾಗ ಒಬ್ಬರಿಗೂ ಗೊತ್ತಿರಲಿಲ್ಲ.

ಆಮ್ಯಾಲ, ಯಾರ ಹೆಸರಿಗೆ? ಉತಾರ ಯಾರ ಹೆಸರಿಗೋ ಅವರಿಗೆ. ಉತಾರದಾಗ ಅಜ್ಜನ ಹೆಸರು, ಅಪ್ಪನ ಹೆಸರು, ಅಣ್ಣನ ಹೆಸರು. ಹೊಲದಾಗ ಕಳೆ ತೆಗೆದಾಕಿ ಹೆಸರು? ಮೊದಲನೇ ಮುಳುಗಡೆ ರೊಕ್ಕ ಬಂದಾಗ ನಮ್ಮ ಕಡೆ ಎಷ್ಟೋ ಮನಿಯಾಗ ಮೊದಲು ಬಂದದ್ದು ಬೈಕು, ಆಮ್ಯಾಲ ಬಾರು, ಆಮ್ಯಾಲ ಕೋರ್ಟು. ಹೊಲ ಅನ್ನೋದು ವರ್ಷಾ ವರ್ಷಾ ಆದಾಯ ಕೊಡೋ ಬಂಡವಾಳ. ಚೆಕ್ಕು ಒಂದಽ ಸಲ. ಬಂಡವಾಳದ ರೊಕ್ಕವನ್ನ ಖರ್ಚಿನ ಕಾಲಂಗೆ ಹಾಕಿದ್ರ ಏನಾಗತೈತಿ ಅಂತ ನಮಗ ಪರೀಕ್ಷೆದಾಗ ಮಾರ್ಕ್ಸ್ ಕಡಿತಾರ, ಅಲ್ಲಿ ಮನಿ ಕಡಿದು ಹೋಗತೈತಿ.

(ಭಾಗ 8)

"ಹಂಗಾರ ನೀರು ಬ್ಯಾಡ ಅಂತೀಯೇನು?" ಅಂತ ಡಿಎಂದಾಗ ಕೇಳೋರಿಗೆ ಮೊದಲಽ ಹೇಳ್ತೀನಿ. ಇಲ್ಲ. ಮೂರನೇ ಹಂತದ 130 ಟಿಎಂಸಿ ವಿಜಯಪುರ, ಕಲಬುರಗಿ, ಯಾದಗಿರಿ, ರಾಯಚೂರು ಕಡೆ ಒಣ ನೆಲಕ್ಕ ಬೇಕು. ನಮ್ಮ ಜಮಖಂಡಿ, ಮುಧೋಳದ ಕಬ್ಬಿಗೆ ಕೃಷ್ಣಾ, ಘಟಪ್ರಭಾ ನೀರು ಕುಡಿಸಿ, ಸಕ್ಕರಿ ತಿಂದು, ಬ್ಯಾರೆಯವರಿಗೆ ನೀರು ಬ್ಯಾಡ ಅನ್ನಾಕ ನನಗ ಬಾಯಿಲ್ಲ. 2019ರ ಆಗಸ್ಟ್‌ದಾಗ ಇದಽ ಎರಡು ನದಿ ನಮ್ಮ ಊರಾಗ ಹೊಕ್ಕಾಗ ನೀರು ಅಂದ್ರ ಏನು ಅಂತನೂ ನೋಡೀವಿ.

ನೀರಿನ ವಿಷಯದಾಗ ನಮ್ಮ ತಾಲೂಕಿನ ಮಂದಿ ಬರೇ ಅರ್ಜಿ ಹಿಡಕೊಂಡು ನಿಂತವರಲ್ಲ. ಚಿಕ್ಕಪಡಸಲಗಿ ಬ್ಯಾರೇಜ್ ಮ್ಯಾಲ ನಿಂತು ಸೆಲ್ಫಿ ತೆಗೆದವರು ನೀವೆಲ್ಲಾ. ಅದು ಶ್ರಮಬಿಂದು ಸಾಗರ. 1989ರಲ್ಲಿ ರೈತರು ತಾವಽ ರೊಕ್ಕ ಕೂಡಿಸಿ, ತಾವಽ ಕಲ್ಲು ಮಣ್ಣು ಹೊತ್ತು ಕೃಷ್ಣಾ ನದಿಗೆ ಅಡ್ಡ ಕಟ್ಟಿದ್ದು. ಮುಂದ ನಿಂತವರು ಸಿದ್ದು ನ್ಯಾಮಗೌಡರು, ಬ್ಯಾರೇಜ್ ಸಿದ್ದು. 1991ರ ಲೋಕಸಭಾ ಚುನಾವಣೆಯಾಗ ಇದಽ ಬಾಗಲಕೋಟೆ ಕ್ಷೇತ್ರದಾಗ ರಾಮಕೃಷ್ಣ ಹೆಗಡೆ ಅವರನ್ನ ಸೋಲಿಸಿದವರು. ಅವರ ಪಕ್ಷದ ಬಗ್ಗೆ ನಿಮಗ ಏನ ಅಭಿಪ್ರಾಯ ಇದ್ರೂ ಇರಲಿ, ನಾನು ಹೇಳೋದು ಬ್ಯಾರೇಜಿನ ಮಾತು: ಎಲ್ಲಿ ಕಟ್ಟಬೇಕು, ಎಷ್ಟು ನೀರು ನಿಲ್ಲತೈತಿ, ಯಾರ ಹೊಲಕ್ಕ ಏರತೈತಿ ಅಂತ ಊರ ಮಂದಿ ಕುಂತು ಮಾತಾಡಿ ಮಾಡಿದ ಕೆಲಸ. ನದಿಗೆ ಅಡ್ಡ ಕಟ್ಟೋ ತಿಳುವಳಿಕೆ ಇದ್ದ ಮಂದಿಗೆ ತಮ್ಮ ಮನಿ ಹೆಂಗಿರಬೇಕು ಅಂತ ಹೇಳೋ ತಿಳುವಳಿಕೆ ಇಲ್ಲ ಅಂದ್ಕೊಂಡ್ರಲ್ಲ, ಅದು ನನಗ ತಿಳಿಯಂಗಿಲ್ಲ.

ಕೂಡಲಸಂಗಮಕ್ಕ ಹೋದವರು ಐಕ್ಯ ಮಂಟಪ ನೋಡಿರಬೇಕು. ನಾರಾಯಣಪುರದ ಹಿನ್ನೀರು ಬರ್ತೈತಿ ಅಂತ ಅದರ ಸುತ್ತ ದೊಡ್ಡ ಬಾವಿಯಂಗ ಗ್ವಾಡಿ ಕಟ್ಟಿ, ಒಳಗ ಮೆಟ್ಟಿಲು ಇಳಿದು ಹೋಗೋ ಹಂಗ ಉಳಿಸ್ಯಾರ. ಸುತ್ತ ನೀರು, ನಡುವ ಮಂಟಪ ಒಣಗಿ ನಿಂತೈತಿ. ಮನಸ್ಸು ಮಾಡಿದ್ರ ಎಷ್ಟು ವಿಚಾರ ಮಾಡಿ ಕಟ್ಟಬಲ್ಲರು ಅನ್ನೋದಕ್ಕ ಇದಕ್ಕಿಂತ ಪುರಾವೆ ಬೇಕಾಗಿಲ್ಲ. ಎಲ್ಲಾ ಹಳ್ಳಿಗೆ ಬಾವಿ ಕಟ್ರಿ ಅಂತ ನಾನು ಹೇಳವಲ್ಲೆ. ಅಷ್ಟು ವಿಚಾರದ ಹತ್ತರಾಗ ಒಂದು ಪಾಲು ಎಮ್ಮಿ ಕಟ್ಟೋ ಜಾಗಕ್ಕೂ ಮಾಡ್ರಿ ಅಂತೀನಿ.

(ಭಾಗ 9)

ಮತ್ತೆ ಏನು ಮಾಡಬೇಕು? ನನಗ ತಿಳಿದದ್ದು ಹೇಳ್ತೀನಿ, ತಪ್ಪಿದ್ರ ಜಗಳ ಮಾಡ್ರಿ.

ಮನಿ ಕೊಡೋ ಮೊದಲು ಬಸ್ಸು ಓಡಿಸ್ರಿ. ಹೊಸ ಆರ್‌ಸಿಗೆ ಆರು ತಿಂಗಳು ಮೊದಲಽ ಬಸ್ಸು ಬಂದು ಹೋಗಲಿ, ಖಾಲಿ ಬಂದ್ರೂ ಬರಲಿ. ಗಿಡ ಇವತ್ತಽ ಹಚ್ರಿ, ಯಾಕಂದ್ರ ಬೇವಿನ ಗಿಡಕ್ಕ ಗೆಜೆಟ್ ಅಧಿಸೂಚನೆ ಬೇಕಾಗಿಲ್ಲ, ಅಧಿಸೂಚನೆ ಬರೋದರಾಗ ನೆರಳು ಆಗಿರ್ತೈತಿ. ಒಂದಽ ಅಳತೆ ಪ್ಲಾಟು ಬ್ಯಾಡ. ದನ ಇರೋರು, ಮಗ್ಗ ಇರೋರು, ಅಂಗಡಿ ಇರೋರು ಬ್ಯಾರೆ ಬ್ಯಾರೆ ಅಂತ ನಕಾಶೆಗೆ ಗೊತ್ತಾಗಬೇಕು. ಪರಿಹಾರದ ಖಾತೆ ಗಂಡ-ಹೆಂಡತಿ ಇಬ್ಬರ ಹೆಸರಿಗೂ ಇರಲಿ. ಮತ್ತ ಅಧಿಸೂಚನೆ ಬರೋತನಕ ಆ ಊರುಗಳ ಶಾಲೆ, ರಸ್ತೆ, ದವಾಖಾನೆಗೆ ಅನುದಾನ ನಿಲ್ಲಿಸಬ್ಯಾಡ್ರಿ. ಹತ್ತು ವರ್ಷ ಅಂದ್ರ ಒಂದು ಕೂಸು ಒಂದನೇ ಇಯತ್ತೆಯಿಂದ ಎಸ್ಸೆಸ್ಸೆಲ್ಸಿ ಮುಗಿಸೋ ಕಾಲ.

ಇದು ಸರಕಾರದ ಮಾತಾತು. ನಮ್ಮ ಕೈಯಾಗ ಇರೋದು ಒಂದು ಐತಿ. ಬೇಸಗಿ ರಜಾದಾಗ 524ರ ಒಳಗ ಬರೋ ಊರಿನವರು, ಇಲ್ಲಾ ಅಲ್ಲಿ ಬೀಗರು ಇರೋರು, ಒಂದು ಮನಿ ಆರಿಸ್ಕೊಳ್ರಿ. ಬರೇ ಫೋಟೋ ಬ್ಯಾಡ, ಫೋಟೋ ಎಲ್ಲಾರೂ ತೆಗೀತಾರ. ಟೇಪ್ ಹಿಡಿದು ಅಳೀರಿ. ಕಟ್ಟಿ ಎತ್ತರ ಎಷ್ಟು, ಗ್ವಾಡಿ ದಪ್ಪ ಎಷ್ಟು, ದನದ ಜಾಗ ಎಷ್ಟು, ಮಗ್ಗದ ಕುಣಿ ಎಷ್ಟು ಆಳ, ಬೆಳಕಿಂಡಿ ಎಲ್ಲಿ, ಓಣಿ ಅಗಲ ಎಷ್ಟು. ಮಧ್ಯಾಹ್ನ ಎರಡಕ್ಕ ಪಡಸಾಲಿಯಾಗ ಎಷ್ಟು ಡಿಗ್ರಿ, ಹೊರಗ ಎಷ್ಟು, ಆರ್‌ಸಿ ಮನಿಯಾಗ ಎಷ್ಟು. ಇನ್ನೂರು ರೂಪಾಯಿಗೆ ಥರ್ಮಾಮೀಟರ್ ಸಿಗತೈತಿ, ಮೂರು ಮಂದಿ ಕೂಡಿ ತಗೊಳ್ರಿ. ಮನಿಯವರ ಹೆಸರು ಬರೀಬ್ಯಾಡ್ರಿ, ಅಳತೆ ಅಷ್ಟಽ ಬರೀರಿ. ಪುನರ್ವಸತಿ ಸಭೆ ಆದಾಗ "ನಮಗ ನಮ್ಮಂಥ ಮನಿ ಬೇಕು" ಅಂದ್ರ ಯಾರೂ ಬರ್ಕೊಳ್ಳಂಗಿಲ್ಲ. ಗ್ವಾಡಿ ಇಷ್ಟು ಇಂಚು, ದನಕ್ಕ ಇಷ್ಟು ಅಡಿ ಅಂದ್ರ ಬರ್ಕೊಳ್ಳಬೇಕಾಗತೈತಿ.

ನಾನು ಮತ್ತ ನಮ್ಮ ಕ್ಲಾಸಿನ ಇಬ್ಬರು ಈ ಭಾನುವಾರ ಗಲಗಲಿ ಕಡೆ ಹೋಗೋರಿದ್ದೀವಿ. ಮುಂಜಾನೆ ಏಳಕ್ಕ ಜಮಖಂಡಿ ಬಸ್ ಸ್ಟ್ಯಾಂಡ್. ಬರೋರು ಬರ್ರಿ, ಟೇಪ್ ನಿಮ್ಮದು ನೀವಽ ತರ್ರಿ.

#ಮುಳುಗಡೆನಗರಿ #ಜಮಖಂಡಿ #ಬೀಳಗಿ #ಮುಧೋಳ #ರಬಕವಿಬನಹಟ್ಟಿ #524